ಕಲಿಯುವವರಿಗೆ ಯಾವುದು ಒಳ್ಳೆಯದು: ಎಸ್‌ಎಚ್-101 ಅಥವಾ ಎಂಎಸ್-20?

ಗಲ್ಫಿನಲ್ಲಿ ದುಡಿಯುತ್ತಿದ್ದ ಸೋದರಮಾವ ತಂದ ರೋಲ್ಯಾಂಡ್ ಎಸ್‌ಎಚ್-101 ಎಂಬ ಸಿಂಥಸೈಜರ್ (ವಿದ್ಯುತ್ತಿನಿಂದ ನಾದ ಹುಟ್ಟಿಸುವ ಕೀಬೋರ್ಡ್ ವಾದ್ಯ) ಬದಿಯಡ್ಕದ ನಮ್ಮ ಮನೆಯ ಅಟ್ಟದಲ್ಲಿ ಬಹುಕಾಲ ಸುಮ್ಮನೆ ಬಿದ್ದಿತ್ತು. ಕಳೆದ ಮಳೆಗಾಲದಲ್ಲಿ ಮಂಗಳೂರಿನ ಗೆಳೆಯರೊಬ್ಬರು ತಮ್ಮ ಕೋರ್ಗ್ ಎಂಎಸ್-20 ಸಿಂಥಸೈಜರನ್ನೂ ಮೂರು ತಿಂಗಳ ಮಟ್ಟಿಗೆ ಕೊಟ್ಟರು. ಹಾರ್ಮೋನಿಯಂ ಮಾತ್ರ ಬಲ್ಲ ನಾನು ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಅಭ್ಯಾಸ ಮಾಡಿದೆ. ಹೊಸದಾಗಿ ಕಲಿಯುವವರು 101ರಿಂದಲೇ ಆರಂಭಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡೂ ಒಂದು ಸಲಕ್ಕೆ ಒಂದೇ ಸ್ವರ ನುಡಿಸುತ್ತವೆ. ಕಂಡುಕೊಂಡ ನಾದವನ್ನು ಉಳಿಸಿಡುವ ಮೆಮೊರಿ ಎರಡರಲ್ಲೂ ಇಲ್ಲದಿರುವುದರಿಂದ ಪ್ರತಿಯೊಂದನ್ನೂ ನೋಟುಪುಸ್ತಕದಲ್ಲಿ ಬರೆದಿಡಬೇಕು. 1982ರ 101ರಲ್ಲಿ ಇರುವುದು ಒಂದೇ ಆಸಿಲೇಟರ್, ಅಂದರೆ ಮೂಲ ನಾದ ಹುಟ್ಟಿಸುವ ಭಾಗ. ಅದರ ಸ್ಲೈಡರ್‌ಗಳು ಎಡದಿಂದ ಬಲಕ್ಕೆ ಆಸಿಲೇಟರ್, ಮಿಕ್ಸರ್ (ನಾದಗಳನ್ನು ಬೆರೆಸುವುದು), ಫಿಲ್ಟರ್ (ನಾದವನ್ನು ಸೋಸುವುದು), ಆಂಪ್ಲಿಫೈಯರ್ (ಸದ್ದಿನ ಮಟ್ಟ ಹೊಂದಿಸುವುದು) ಎಂಬ ಕ್ರಮದಲ್ಲಿ, ಅಂದರೆ ನಾದ ಸಾಗುವ ದಾರಿಯಲ್ಲೇ ಇವೆ. ಹಾಗಾಗಿ ಶಬ್ದ ಎಲ್ಲಿ ಮಂಕಾಯಿತು, ಎಲ್ಲಿ ನಿಂತಿತು ಎಂಬುದನ್ನು ಬೆರಳಿಟ್ಟು ಹುಡುಕಬಹುದು. ಎನ್ವಲಪ್‌ನ ನಾಲ್ಕು ಸ್ಲೈಡರ್‌ಗಳ ಎತ್ತರ ನೋಡಿದರೆ ಸ್ವರ ಹೇಗೆ ಏಳುತ್ತದೆ, ಹೇಗೆ ಆರುತ್ತದೆ ಎಂಬುದು ಹೊಳೆಯುತ್ತದೆ. ಮಳೆಗೆ ಕರೆಂಟು ಹೋದ ಸಂಜೆಗಳಲ್ಲೂ ಆರು ದಪ್ಪ ಬ್ಯಾಟರಿಗಳಿಂದ ಪಾಠ ಮುಂದುವರಿಯಿತು.

1978ರ ಎಂಎಸ್-20ರಲ್ಲಿ ಆಸಿಲೇಟರ್‌ಗಳು ಎರಡು, ಫಿಲ್ಟರ್‌ಗಳೂ ಎರಡು, ಬಲಭಾಗದ ತುಂಬ ಕೇಬಲ್ ಚುಚ್ಚುವ ಜಾಕ್‌ಗಳು. ಕೇಬಲ್ ಇಲ್ಲದೆಯೂ ಅದು ನುಡಿಯುತ್ತದೆ. ಚುಚ್ಚಿದ ಕಡೆ ಒಳಗಿನ ಸಂಪರ್ಕ ತಪ್ಪಿ ನಾವು ಕೊಟ್ಟ ಸಂಪರ್ಕ ಉಳಿಯುತ್ತದೆ. ಇದು ಅರ್ಥವಾಗದೆ ಮೊದಲ ಎರಡು ವಾರ ನನಗೆ ವ್ಯರ್ಥವಾಯಿತು. ಬಳಿಕ ಎಲ್ಲವನ್ನೂ ಕಿತ್ತು, ದಿನಕ್ಕೊಂದೇ ಕೇಬಲ್ ಎಂಬ ನಿಯಮ ಹಾಕಿಕೊಂಡೆ.

ಆದರೂ ಈ ಯಂತ್ರ ಕಲಿಸಿದ ಒಂದು ವಿಷಯವನ್ನು 101 ಕಲಿಸಲಾರದು. ಹೊರಗಿನ ಶಬ್ದವನ್ನು ವೋಲ್ಟೇಜಾಗಿ ಮಾರ್ಪಡಿಸುವ ಭಾಗವೊಂದು ಇದರಲ್ಲಿದೆ. ಯಕ್ಷಗಾನ ಕಲಿಯುತ್ತಿರುವ ನೆರೆಮನೆಯ ಹುಡುಗನ ಚೆಂಡೆಯ ಮುಂದೆ ಮೈಕ್ ಇಟ್ಟು, ಆ ವೋಲ್ಟೇಜನ್ನು ಫಿಲ್ಟರ್‌ಗೆ ಕೊಟ್ಟಾಗ ಪೆಟ್ಟು ಜೋರಾದಷ್ಟೂ ನಾದ ತೆರೆದುಕೊಂಡಿತು. ನಾದವನ್ನು ನಡೆಸುವುದು ವೋಲ್ಟೇಜೇ ಎಂಬುದು ಆ ಕ್ಷಣ ಮನದಟ್ಟಾಗಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಹಾಡುವ ದನಿಯನ್ನು ಮಾತ್ರ ಅದು ಸರಿಯಾಗಿ ಹಿಂಬಾಲಿಸಲಿಲ್ಲ. ಗಮಕ ಬಂದಲ್ಲೆಲ್ಲ ಸ್ವರ ಹಾರಿಹೋಯಿತು.

ಶ್ರುತಿಯ ವಿಷಯದಲ್ಲಿ ಅಂತರ ದೊಡ್ಡದು. ಎರಡನ್ನೂ ಅರ್ಧ ಗಂಟೆ ಬಿಸಿಯಾಗಲು ಬಿಟ್ಟು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಗೆ ಹೊಂದಿಸುತ್ತಿದ್ದೆ. 101 ಅಲ್ಲಿಂದ ಕದಲುತ್ತಿರಲಿಲ್ಲ; ಎಂಎಸ್-20ರ ಎರಡು ಆಸಿಲೇಟರ್‌ಗಳು ನಡುವೆಯೇ ಬೇರ್ಪಡುತ್ತಿದ್ದವು. ಸ್ವರಗಳ ಸಾಲನ್ನು ನೆನಪಿಟ್ಟು ತಾನೇ ನುಡಿಸುವ, 101ರ ನೂರು ಹೆಜ್ಜೆಗಳ ಸೀಕ್ವೆನ್ಸರ್‌ನಿಂದ ಎಂಎಸ್-20ಯನ್ನು ನುಡಿಸುವ ಪ್ರಯತ್ನವೂ ಅಪಶ್ರುತಿಯಾಯಿತು, ಏಕೆಂದರೆ ಮೊದಲನೆಯದು ಸ್ಥಾಯಿಗೆ ಒಂದು ವೋಲ್ಟ್ ಏರಿಸಿದರೆ ಎರಡನೆಯದು ಸ್ಥಾಯಿಗೊಮ್ಮೆ ವೋಲ್ಟೇಜು ಇಮ್ಮಡಿಯಾಗಬೇಕೆಂದು ಬಯಸುತ್ತದೆ.

ಕೊಳ್ಳುವವರು 101ರ ಸ್ಲೈಡರ್‌ಗಳನ್ನು ಒಂದೊಂದಾಗಿ ಸರಿಸಿ ಕರಕರ ಸದ್ದು ಬರುತ್ತದೆಯೇ ಎಂದು ಕೇಳಬೇಕು. ನಮ್ಮ ಕರಾವಳಿಯ ತೇವ ಮೊದಲು ಹಿಡಿಯುವುದು ಅವನ್ನೇ. ಎಂಎಸ್-20 ಜಪಾನಿನ 100 ವೋಲ್ಟಿನದಾಗಿದ್ದರೆ, ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ ಮನೆಗಳ ಪ್ಲಗ್ಗಿಗೆ ಹಾಕಲೇಬಾರದು.