ಮಾನಿಟರ್‌ಗೆ ಎಡವಿ ಬಿದ್ದ ಹಾಡುಗಾರ್ತಿ

ಬೆಳಗಾವಿಯ ಶಹಾಪುರದಲ್ಲಿ ನನ್ನದೊಂದು ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿ ಇದೆ. ಅಪ್ಪ ಎರಡು ಹಾರ್ನ್, ಒಂದು ಅಹುಜಾ ಆಂಪ್ಲಿಫೈಯರ್ ಇಟ್ಟುಕೊಂಡು ಶುರು ಮಾಡಿದ್ದು. ಹೀಗಾಗಿ ಟಿವಿಯಲ್ಲಿ ಯಾವ ಹಾಡಿನ ಕಾರ್ಯಕ್ರಮ ನೋಡಿದರೂ ನನ್ನ ಕಣ್ಣು ಹಾಡುವವರ ಮುಖಕ್ಕಿಂತ ಮೊದಲು ಸ್ಟೇಜಿನ ನೆಲಕ್ಕೆ ಹೋಗುತ್ತದೆ. ವೈರ್ ಎಲ್ಲಿ ಹಾಯಿಸಿದ್ದಾರೆ? ಟೇಪ್ ಹೊಡೆದಿದ್ದಾರಾ? ಮಾನಿಟರ್, ಅಂದರೆ ಹಾಡುವವರಿಗೆ ತಮ್ಮ ದನಿ ಕೇಳಿಸಲೆಂದು ಸ್ಟೇಜಿನ ಮೇಲಿಡುವ ಸ್ಪೀಕರ್, ಕಾಲಿಗೆ ಸಿಗುವಂತಿದೆಯಾ?

ಹೋದ ತಿಂಗಳು ಪುಣೆಯಿಂದ ಬಂದಿದ್ದ ಮಗಳು ತನ್ನ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ಒಂದು ಡಾಕ್ಯುಮೆಂಟರಿ ಹಾಕಿದಳು. ‘ಗ್ಲೋರಿಯಾ ಗೇನರ್: ಐ ವಿಲ್ ಸರ್ವೈವ್’. ಬೆಟ್ಸಿ ಶೆಕ್ಟರ್ ಎನ್ನುವವರು ಮಾಡಿದ್ದು, 2023ರಲ್ಲಿ ಬಂದದ್ದು. ಹಾಡುಗಾರ್ತಿಯ ಹೆಸರು ಕೇಳಿದರೆ ಗುರುತು ಸಿಗಲಿಕ್ಕಿಲ್ಲ. ‘ಐ ವಿಲ್ ಸರ್ವೈವ್’, ಅಂದರೆ ‘ನಾನು ಬದುಕುಳಿಯುತ್ತೇನೆ’ ಅನ್ನುವ ಅವರ ಹಾಡು ಮಾತ್ರ ನೀವು ಕೇಳಿರುತ್ತೀರಿ. ನಾನಂತೂ ನೂರಾರು ಸಲ ಕೇಳಿದ್ದೇನೆ. ನಮ್ಮೂರಿನ ಕ್ಯಾಂಪ್ ಪ್ರದೇಶದ ಕ್ರಿಶ್ಚಿಯನ್ ಮದುವೆಗಳಿಗೆ ನಮ್ಮದೇ ಸೆಟ್ ಹೋಗುತ್ತಿತ್ತು. ಕೇಕ್ ಕತ್ತರಿಸಿ, ಊಟಕ್ಕೆ ಮೊದಲು ಕುಣಿತ ಶುರುವಾದರೆ ಈ ಹಾಡು ಬರಲೇಬೇಕು. ಮೊದಲು ಪಿಯಾನೋ ಝಲ್ಲನೆ ಇಳಿದುಬರುತ್ತದೆ. ಅಷ್ಟು ಕೇಳಿದರೆ ಸಾಕು, ಕುರ್ಚಿಗೆ ಅಂಟಿಕೊಂಡ ಅಜ್ಜಿಯರೂ ಏಳುತ್ತಿದ್ದರು. ಹಾಡಿದವರು ಯಾರು ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ಕ್ಯಾಸೆಟ್ ತಿರುಗಿಸಿ ಹಾಕುವುದಷ್ಟೇ ನನ್ನ ಕೆಲಸ.

ಆಕೆ ಅಮೆರಿಕದ ನ್ಯೂಜೆರ್ಸಿಯ ನ್ಯೂವಾರ್ಕ್ ಊರಿನವರು. 1975ರಲ್ಲಿ ಬಂದ ಅವರ ಆಲ್ಬಮ್‌ನಲ್ಲಿ ಒಂದು ಬದಿಯ ಮೂರೂ ಹಾಡುಗಳನ್ನು ನಡುವೆ ಸದ್ದೇ ನಿಲ್ಲದಂತೆ ಒಂದಕ್ಕೊಂದು ಹೊಲಿದಿದ್ದರು. ಸುಮಾರು 19 ನಿಮಿಷ, ಕುಣಿಯುವವರಿಗೆ ಪುರುಸೊತ್ತೇ ಇಲ್ಲ. ಮಿಕ್ಸ್ ಮಾಡಿದವರು ಟಾಮ್ ಮೌಲ್ಟನ್. ನಮ್ಮಲ್ಲಿ ಗಣಪತಿ ವಿಸರ್ಜನೆ ದಿನ ಡಾಲ್ಬಿ ಹಚ್ಚಿದ ಹುಡುಗರು ಹಾಡಿಗೆ ಹಾಡು ಸೇರಿಸುತ್ತ ರಾತ್ರಿ ಎಳೆಯುತ್ತಾರಲ್ಲ, ಅದರ ಮುತ್ತಜ್ಜ ಇದು ಅನ್ನಿ.

ಇನ್ನು ಆ ಬಿದ್ದ ಕಥೆ. 1978. ನ್ಯೂಯಾರ್ಕಿನ ಬೀಕನ್ ಥಿಯೇಟರ್. ಹಿಂದೆ ಕುಣಿಯುವವರ ಜೊತೆ ಮೈಕಿನ ವೈರ್ ಹಿಡಿದು ಜಗ್ಗಾಡುವ ಒಂದು ಆಟ ಇತ್ತಂತೆ. ಜಗ್ಗಾಡುತ್ತ ಹಿಂದಕ್ಕೆ ಸರಿದವರು ಮಾನಿಟರ್‌ಗೆ ಎಡವಿ ಅಂಗಾತ ಬಿದ್ದರು. ಎದ್ದು ಕಾರ್ಯಕ್ರಮ ಮುಗಿಸಿದರು. ಬೆಳಿಗ್ಗೆ ಎಚ್ಚರಾದಾಗ ಕಾಲು ಅಲ್ಲಾಡುತ್ತಿರಲಿಲ್ಲ. ಬೆನ್ನುಹುರಿಗೆ ಆಪರೇಷನ್ ಆಯಿತು, ತಿಂಗಳುಗಟ್ಟಲೆ ಆಸ್ಪತ್ರೆ. ಇದನ್ನು ಕೇಳುವಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಇಷ್ಟು ವರ್ಷಗಳಲ್ಲಿ ಎಷ್ಟು ಸಾವಿರ ಸಲ ಮಾನಿಟರ್ ಇಟ್ಟಿದ್ದೇನೆ! ಒಮ್ಮೆ ಒಂದು ಜಾತ್ರೆಯಲ್ಲಿ ನಾಟಕದ ನಟರೊಬ್ಬರು ನಾನಿಟ್ಟ ಮಾನಿಟರ್‌ಗೆ ಎಡವಿದ್ದರು. ಮಂಡಿ ತರಚಿತ್ತು ಅಷ್ಟೇ. ಆಗ ನಾನು ನಕ್ಕಿದ್ದೆ.

ಬೆನ್ನಿಗೆ ಪಟ್ಟಿ ಬಿಗಿದುಕೊಂಡೇ ಆಕೆ ಸ್ಟುಡಿಯೊಗೆ ಹೋಗಿ ಆ ಹಾಡು ಹಾಡಿದ್ದು. ಬರೆದವರು ಡೀನೊ ಫೆಕಾರಿಸ್, ಫ್ರೆಡ್ಡಿ ಪೆರೆನ್. ಕಂಪನಿ ಅದನ್ನು ರೆಕಾರ್ಡಿನ ಹಿಂಬದಿಗೆ ಹಾಕಿ ಕೈತೊಳೆದುಕೊಂಡಿತ್ತು. ಸ್ಟುಡಿಯೊ 54 ಎಂಬ ಕ್ಲಬ್ಬಿನಲ್ಲಿ ಡಿಜೆ ರಿಚಿ ಕಝೋರ್ ರೆಕಾರ್ಡ್ ಮಗುಚಿ ಹಾಕಿದ, ಜನ ಹುಚ್ಚೆದ್ದರು. 1979ರ ಮಾರ್ಚ್‌ನಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನ. ಮುಂದಿನ ವರ್ಷ ಡಿಸ್ಕೊ ಹಾಡಿಗೆಂದೇ ಇಟ್ಟ ಗ್ರ್ಯಾಮಿ ಪ್ರಶಸ್ತಿ ಸಿಕ್ಕಿತು. ಆ ವಿಭಾಗ ಇದ್ದದ್ದು ಅದೊಂದೇ ವರ್ಷ. ಅಷ್ಟರಲ್ಲಾಗಲೇ ಡಿಸ್ಕೊ ಮೇಲೆ ಸಿಟ್ಟು ಶುರುವಾಗಿತ್ತು. 1979ರ ಜುಲೈ 12ರಂದು ಶಿಕಾಗೊದ ಕ್ರೀಡಾಂಗಣವೊಂದರಲ್ಲಿ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದರು. ಅಲ್ಲಿ ಸತ್ತ ಡಿಸ್ಕೊ ನಮ್ಮಲ್ಲಿ ಹುಟ್ಟಿದ್ದೇ ಆಮೇಲೆ, ಅಲ್ವಾ? 1980ರಲ್ಲಿ ‘ಕುರ್ಬಾನಿ’ ಬಂತು, ಬಿದ್ದು ಎಂಬ ಹೆಸರಿನ ಸಂಗೀತ ನಿರ್ದೇಶಕರ ಹಾಡನ್ನು ಅದರಲ್ಲಿ ನಾಝಿಯಾ ಹಸನ್ ಹಾಡಿದರು. ಆ ಬಿದ್ದು ಬೆಂಗಳೂರಿನಿಂದ ಲಂಡನ್ನಿಗೆ ಹೋದವರು. ನಮ್ಮ ಅಂಗಡಿಯ ಎರಡು ಹಾರ್ನ್ ಆರಾದದ್ದೂ ಅದೇ ಹೊತ್ತಿಗೆ.

ಚಿತ್ರದ ನಿಜವಾದ ಜೀವ ಇರುವುದು ಇದಾದ ನಂತರದ ಭಾಗದಲ್ಲಿ. 1982ರಲ್ಲಿ ಆಕೆ ಪಾರ್ಟಿಗಳ ಬದುಕು ಬಿಟ್ಟು ಏಸುವಿನ ಕಡೆ ತಿರುಗಿದರು. ಆ ಹಾಡನ್ನು ಬಿಡಲಿಲ್ಲ. ಆದರೆ ಒಂದು ಸಾಲು ಬದಲಿಸಿದರು, ಶಕ್ತಿ ನನ್ನದಲ್ಲ, ದೇವರು ಕೊಟ್ಟದ್ದು ಅಂತ. ನನ್ನ ಹೆಂಡತಿ ತನ್ನ ಭಜನಾ ಮಂಡಳಿಯಲ್ಲಿ ವಚನ ಹಾಡುತ್ತಾಳೆ. ಅವಳಿಗೆ ಇದು ಬಹಳ ಹಿಡಿಸಿತು. ನನಗೆ ಸ್ವಲ್ಪ ಅನುಮಾನ ಇತ್ತು. ಧರ್ಮದ ಪ್ರಚಾರಕ್ಕೆ ಇಳಿಯುತ್ತದೇನೋ ಅಂದುಕೊಂಡೆ. ಇಳಿಯುವುದಿಲ್ಲ. ಯಾಕೆಂದರೆ ಇಲ್ಲಿ ಭಕ್ತಿ ಅನ್ನುವುದು ಹೆಚ್ಚಾಗಿ ಕೆಲಸದಲ್ಲೇ ಕಾಣುತ್ತದೆ. ಗಂಡನೇ ಮ್ಯಾನೇಜರ್ ಆಗಿದ್ದ, 2005ರಲ್ಲಿ ವಿಚ್ಛೇದನ ಆಯಿತು. ಆಮೇಲೆ ಗಾಸ್ಪೆಲ್ ಹಾಡುಗಳ ಆಲ್ಬಮ್ ಮಾಡಬೇಕು ಅಂತ ಹೊರಡುತ್ತಾರೆ. ಡಿಸ್ಕೊದವಳು ದೇವರ ಹಾಡು ಹಾಡಿದರೆ ಯಾರು ಕೊಳ್ಳುತ್ತಾರೆ ಅನ್ನುವ ಕಾಲ. ವರ್ಷಗಟ್ಟಲೆ ಹಿಡಿಯಿತು. ನಡುವೆ, ಸ್ಟೇಜಿನಲ್ಲಿ ಬಿದ್ದು ಸುಮಾರು 40 ವರ್ಷ ಆದ ಮೇಲೆ, ಅದೇ ಬೆನ್ನಿಗೆ ಮತ್ತೆ ದೊಡ್ಡ ಆಪರೇಷನ್. ‘ಟೆಸ್ಟಿಮೊನಿ’ ಅನ್ನುವ ಆ ಆಲ್ಬಮ್ 2019ರಲ್ಲಿ ಬಂತು. 2020ರ ಜನವರಿಯಲ್ಲಿ ಗ್ರ್ಯಾಮಿ. ಮೊದಲನೆಯದಕ್ಕೂ ಎರಡನೆಯದಕ್ಕೂ 40 ವರ್ಷದ ಅಂತರ. ಆಗ ಅವರಿಗೆ ವಯಸ್ಸು 70 ದಾಟಿತ್ತು.

ಆಪರೇಷನ್ ಮಾತು ಬಂದಾಗ ಹೆಂಡತಿ ನನ್ನ ಕಡೆ ತಿರುಗಿದಳು. ‘ಏನ್ರೀ, ಈಕಿ ಬೆನ್ನಿಗೆ ಪಟ್ಟಾ ಬಿಗದಕೊಂಡ ಹಾಡ್ಯಾಳ. ನೀವು ಸ್ವಂಟ ಹಿಡದದ ಅಂತ ಮೂರು ದಿನ ಅಂಗಡಿ ಬಾಗಲಾ ತಗೀಲಿಲ್ಲ.’ ಮಗಳು ವಿಡಿಯೊ ನಿಲ್ಲಿಸಿ ನಗತೊಡಗಿದಳು. ಆಕೆಯ ಮಾನಿಟರನ್ನು ಬೇರೆಯವರು ಹೊತ್ತಿದ್ದರು, ನನ್ನದನ್ನು ನಾನೇ ಹೊರಬೇಕು ಅಂದೆ. ಯಾರೂ ಕಿವಿಗೊಡಲಿಲ್ಲ.

ನೋಡುತ್ತಿರುವಾಗ ನನಗೆ ಪದೇ ಪದೇ ನೆನಪಾದದ್ದು ಕುಮಾರ ಗಂಧರ್ವರು. ನಮ್ಮ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದವರು. ಹೆಸರಾದ ಹೊತ್ತಿಗೆ ಕ್ಷಯ ಬಂತು. ಮಧ್ಯಪ್ರದೇಶದ ದೇವಾಸ್‌ನಲ್ಲಿ ಐದಾರು ವರ್ಷ ಹಾಡದೆ ಮಲಗಿದ್ದರು. ಒಂದು ಶ್ವಾಸಕೋಶ ಹೋಯಿತು. ಎದ್ದು ಬಂದಾಗ ಹಳೆಯ ಹಾಗೆ ಉದ್ದ ಉಸಿರು ಇರಲಿಲ್ಲ. ಇದ್ದ ಉಸಿರಿಗೆ ತಕ್ಕ ಹಾಗೆ ಹಾಡನ್ನೇ ಬೇರೆ ಮಾಡಿಕೊಂಡರು, ಕಬೀರರ ನಿರ್ಗುಣ ಪದಗಳಿಗೆ ಹೋದರು. ಅವರ ಹೆಸರಿನ ರಂಗಮಂದಿರದಲ್ಲಿ ನಾನು ಎಷ್ಟೋ ಸಲ ಸೌಂಡ್ ಹಾಕಿದ್ದೇನೆ. ಗ್ಲೋರಿಯಾ ಅವರದೂ ಅದೇ ದಾರಿ ಅನ್ನಿಸಿತು. ಡಿಸ್ಕೊದಲ್ಲಿ ಮೇಲಕ್ಕೆ ಚಿಮ್ಮುತ್ತಿದ್ದ ದನಿ ಈಗ ಕೆಳಗಿನ ಸ್ವರದಲ್ಲಿ ನಿಂತು ಭಾರ ಹೊರುತ್ತದೆ. ಬಾಸ್ ಜಾಸ್ತಿ ಮಾಡಿ ಮುಚ್ಚಿಹಾಕುವ ದನಿ ಅಲ್ಲ ಅದು. ಮೈಕಿಗೆ ಹತ್ತಿರ ನಿಂತು ಹಾಡಬೇಕಾದ ದನಿ.

ಚಿತ್ರದ ಮೇಲೆ ನನ್ನ ತಕರಾರೂ ಇದೆ. ಹೊಗಳುವವರು ಜಾಸ್ತಿಯಾದರು. ಆಕೆ ಬಹಳ ಗಟ್ಟಿ ಹೆಂಗಸು ಅಂತ ನಾಲ್ಕು ಜನ ಕುರ್ಚಿಯಲ್ಲಿ ಕೂತು ಹೇಳುವ ಬದಲು ಸ್ಟುಡಿಯೊದಲ್ಲಿ ಇನ್ನೂ ಹತ್ತು ನಿಮಿಷ ಇದ್ದಿದ್ದರೆ ಚೆನ್ನಾಗಿತ್ತು. ಒಂದು ಸಾಲನ್ನು ಎಷ್ಟು ಸಲ ಹಾಡಿದರು, ಎಲ್ಲಿ ಉಸಿರು ಸಾಲಲಿಲ್ಲ, ಬೆನ್ನು ನೋವಾದಾಗ ಕೂತು ಹಾಡಿದರೋ ನಿಂತೋ? ನನ್ನಂಥವರಿಗೆ ಬೇಕಾದದ್ದು ಅದು. ಬಾಲ್ಯದಲ್ಲಿ ಆಕೆ ಅನುಭವಿಸಿದ ಹಿಂಸೆಯ ಮಾತು ಬರುತ್ತದೆ. ಅಲ್ಲಿ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ, ಮಗಳೂ ವಿಡಿಯೊ ನಿಲ್ಲಿಸಲಿಲ್ಲ. ಮಕ್ಕಳ ಜೊತೆ ನೋಡುವವರಿಗೆ ಮೊದಲೇ ಗೊತ್ತಿರಲಿ.

ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೇ. ಸಬ್‌ಟೈಟಲ್ ಹಾಕಿಕೊಂಡರೂ ಮಗಳು ಆಗಾಗ ನಿಲ್ಲಿಸಿ ಹೇಳಬೇಕಾಯಿತು. ಒಂದೂವರೆ ಗಂಟೆಯ ಚಿತ್ರ ನಮಗೆ ಎರಡೂವರೆ ಗಂಟೆ ಹಿಡಿಯಿತು. ದಯವಿಟ್ಟು ಫೋನಿನಲ್ಲಿ ಮಾತ್ರ ನೋಡಬೇಡಿ. ಆ ಹಾಡಿಗೆ ಹಿಂದೆ ಕೋರಸ್ ಇಲ್ಲ, ಬರೀ ಆಕೆಯ ದನಿ. ಫೋನಿನ ಸ್ಪೀಕರ್ ಅದನ್ನು ತಗಡು ಬಡಿದ ಹಾಗೆ ಮಾಡುತ್ತದೆ. ಟಿವಿಯದೂ ಸಾಲದು ಅನ್ನಿಸಿ ನಾನು ನಡುವೆ ಎದ್ದು ಅಂಗಡಿಯಿಂದ ಎರಡು ಸ್ಪೀಕರ್ ತಂದು ಜೋಡಿಸಿದೆ. ತಂದಿಟ್ಟ ಮೇಲೆ ಹೆಂಡತಿ ಕೇಳಿದಳು, ‘ಈಗ ಸ್ವಂಟ ನೋಯಲಿಲ್ಲೇನು?’