ಫೋಟೋರೆಕ್: ನೋಡಲು ಚೆಂದ ಇಲ್ಲ, ಕೆಲಸ ಮಾತ್ರ ಗಟ್ಟಿ – ಹಲವು ವರ್ಷ ಬಳಸಿದವನ ಅಭಿಪ್ರಾಯ

ಫೋಟೋರೆಕ್ ಅಂದರೆ ಅಳಿಸಿಹೋದ, ಕಳೆದುಹೋದ ಫೈಲುಗಳನ್ನು ಹೊರತೆಗೆಯುವ ತಂತ್ರಾಂಶ. ಮೊದಲೇ ಹೇಳಿಬಿಡುತ್ತೇನೆ, ಇದು ಕೆಟ್ಟ ಫೈಲನ್ನು ರಿಪೇರಿ ಮಾಡುವುದಿಲ್ಲ. ಡಿಸ್ಕಿನಲ್ಲಿ ಇನ್ನೂ ಉಳಿದಿರುವುದನ್ನು ಹುಡುಕಿ ಬೇರೆ ಕಡೆ ಎತ್ತಿಡುತ್ತದೆ, ಅಷ್ಟೇ. ಇದು ಗೊತ್ತಿಲ್ಲದೆ ಹಾಕಿಕೊಂಡವರೇ ಒಂದು ಸ್ಟಾರ್ ಕೊಟ್ಟು ಬೈದು ಹೋಗುವುದು. ಗೊತ್ತಿದ್ದು ಬಳಸಿದರೆ, ಮನೆ ಕಂಪ್ಯೂಟರಿಗೆ ಇದಕ್ಕಿಂತ ಒಳ್ಳೆಯ ಉಚಿತ ಸಾಧನ ನನಗಂತೂ ಸಿಕ್ಕಿಲ್ಲ. ವಿಂಡೋಸ್ 7ರ ಕಾಲದಿಂದ ಬಳಸುತ್ತಿದ್ದೇನೆ. ನಮ್ಮ ಮನೆಯದ್ದಕ್ಕಿಂತ ನೆಂಟರಿಷ್ಟರ ಕಂಪ್ಯೂಟರುಗಳ ಮೇಲೆಯೇ ಜಾಸ್ತಿ. ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಯಾಕೆ ಹೋಯಿತು ಅನ್ನುವುದು ಮುಂದೆ ಬರುತ್ತದೆ.

ಇದನ್ನು ಬರೆದವರು ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ. ಮುಕ್ತ ತಂತ್ರಾಂಶ, ದುಡ್ಡಿಲ್ಲ, ಜಾಹೀರಾತಿಲ್ಲ. 7.1 ಆವೃತ್ತಿ 2019ರಲ್ಲಿ ಬಂತು, 7.2 ಬರುವ ಹೊತ್ತಿಗೆ 2024. ಅಷ್ಟು ನಿಧಾನ. ಆದರೂ ನಡುವೆ ಒಂದು ಸಲವೂ ಕೈಕೊಟ್ಟಿಲ್ಲ. ಇನ್‌ಸ್ಟಾಲ್ ಮಾಡುವ ಕೆಲಸವೂ ಇಲ್ಲ. ಜಿಪ್ ಬಿಚ್ಚಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡರೆ ಆಯಿತು. ಅದೇ ಜಿಪ್‌ನಲ್ಲಿ ಟೆಸ್ಟ್‌ಡಿಸ್ಕ್ ಅನ್ನುವ ಇನ್ನೊಂದು ಸಾಧನವೂ ಇರುತ್ತದೆ. ಜನ ಅದನ್ನು ತೆರೆದೇ ನೋಡುವುದಿಲ್ಲ. ನನ್ನ ಪ್ರಕಾರ ಅರ್ಧ ಕೇಸುಗಳಲ್ಲಿ ಮೊದಲು ಓಡಿಸಬೇಕಾದ್ದು ಅದನ್ನೇ.

ಯಾಕೆ ಅಂತ ಹೇಳುತ್ತೇನೆ. ಸಾಗರದಲ್ಲಿರುವ ನಮ್ಮ ಅತ್ತೆಯ ಮನೆಯಲ್ಲಿ ಮಳೆಗಾಲ ಬಂದರೆ ಕರೆಂಟು ಗಂಟೆಗೊಮ್ಮೆ ಹೋಗಿ ಬಂದು ಮಾಡುತ್ತದೆ. ಮಗಳ ಮದುವೆಯ ಫೋಟೋಗಳನ್ನು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡುತ್ತಿರುವಾಗಲೇ ಕರೆಂಟು ಹೋಗಿದೆ. ಯುಪಿಎಸ್ ಇರಲಿಲ್ಲ. ಮತ್ತೆ ಹಾಕಿ ನೋಡಿದರೆ 'ಈ ಡ್ರೈವನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು' ಎಂಬ ಪೆಟ್ಟಿಗೆ. ಪುಣ್ಯಕ್ಕೆ ಭಾವ ಕ್ಯಾನ್ಸಲ್ ಒತ್ತಿ ನನಗೆ ಫೋನ್ ಮಾಡಿದರು.

ಇಂಥ ಕಡೆ ಸಾಮಾನ್ಯವಾಗಿ ಫೈಲುಗಳಿಗೆ ಏನೂ ಆಗಿರುವುದಿಲ್ಲ. ಯಾವುದು ಎಲ್ಲಿದೆ ಎಂದು ಹೇಳುವ ಭಾಗಕ್ಕೆ ಪೆಟ್ಟು ಬಿದ್ದಿರುತ್ತದೆ. ಫೈಲುಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ವಿಂಡೋಸಿನ ವ್ಯವಸ್ಥೆ, ಅಂದರೆ ಫೈಲ್ ಸಿಸ್ಟಮ್ ಆದ ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರಿನ (ಶುರುವಿನಲ್ಲೇ ಇರುವ, ಆ ವ್ಯವಸ್ಥೆಯ ವಿವರ ಹೊತ್ತ ತುಣುಕಿನ) ಒಂದು ನಕಲನ್ನು ಪಾರ್ಟಿಷನ್ನಿನ, ಅಂದರೆ ಡಿಸ್ಕಿನ ಆ ಭಾಗದ, ಕೊನೆಯಲ್ಲಿ ಇಟ್ಟುಕೊಂಡಿರುತ್ತದೆ. ಟೆಸ್ಟ್‌ಡಿಸ್ಕ್ ಆ ನಕಲನ್ನು ಹುಡುಕಿ ಹಿಂದಕ್ಕೆ ಬರೆಯಬಲ್ಲದು. ಆದರೆ ನಾನು ಡಿಸ್ಕಿನ ಮೇಲೆ ಏನನ್ನೂ ಬರೆಯಲು ಹೋಗುವುದಿಲ್ಲ. ಪಾರ್ಟಿಷನ್ ಆರಿಸಿ 'ಪಿ' ಒತ್ತಿದರೆ ಫೈಲುಗಳ ಪಟ್ಟಿ ಬರುತ್ತದೆ. 'ಎ' ಒತ್ತಿದರೆ ಎಲ್ಲ ಆಯ್ಕೆ ಆಗುತ್ತವೆ, ದೊಡ್ಡ 'ಸಿ' ಒತ್ತಿದರೆ ಇನ್ನೊಂದು ಡಿಸ್ಕಿಗೆ ಕಾಪಿ. ಅತ್ತೆ ಮನೆಯ ಡಿಸ್ಕಿನಿಂದ ಎಲ್ಲ ಫೋಟೋಗಳೂ ಹಳೆಯ ಹೆಸರು, ಹಳೆಯ ಫೋಲ್ಡರುಗಳ ಸಮೇತ ಹೊರಗೆ ಬಂದವು. ಅವತ್ತು ಫೋಟೋರೆಕ್ ತೆರೆಯಲೇ ಇಲ್ಲ.

ಟೆಸ್ಟ್‌ಡಿಸ್ಕ್ ಪಟ್ಟಿಯಲ್ಲಿ ಏನೂ ಕಾಣದಿದ್ದರೆ ಆಗ ಫೋಟೋರೆಕ್. ಇದು ಫೋಲ್ಡರು, ಹೆಸರು ಯಾವುದನ್ನೂ ಕೇಳುವುದಿಲ್ಲ. ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾ ಹೋಗುತ್ತದೆ. ಪ್ರತಿ ಬಗೆಯ ಫೈಲಿಗೂ ಶುರುವಿನಲ್ಲಿ ಒಂದು ಗುರುತು ಇರುತ್ತದೆ. ಜೆಪೆಗ್ ಫೋಟೋ ಆದರೆ ಎಫ್‌ಎಫ್ ಡಿ8 ಎಫ್‌ಎಫ್, ಈಗಿನ ವರ್ಡ್ ಫೈಲ್ ಆದರೆ ಜಿಪ್ ಫೈಲಿಗಿರುವ ಪಿಕೆ ಎಂಬ ಎರಡು ಅಕ್ಷರ. ಆ ಗುರುತು ಸಿಕ್ಕಿದ ಕಡೆಯಿಂದ ಫೈಲು ಮುಗಿಯುವ ತನಕ ಎತ್ತಿಕೊಳ್ಳುತ್ತದೆ. ಹೀಗೆ ಫೈಲ್ ಹೆಸರಿನ ಕೊನೆಯಲ್ಲಿ ಬರುವ .jpg, .docx ಥರದ 480ಕ್ಕೂ ಹೆಚ್ಚು ಎಕ್ಸ್‌ಟೆನ್ಷನ್‌ಗಳು ಇದಕ್ಕೆ ಗೊತ್ತು.

ಪರದೆ ಮಾತ್ರ ಪೂರ್ತಿ ಕಪ್ಪು. ಮೌಸ್ ನಡೆಯುವುದಿಲ್ಲ, ಬಾಣದ ಕೀಲಿ ಮತ್ತು ಎಂಟರ್ ಅಷ್ಟೇ. ಹೊಸಬರು ಸಿಕ್ಕಿಹಾಕಿಕೊಳ್ಳುವುದು ಫೈಲುಗಳನ್ನು ಎಲ್ಲಿ ಇಡಬೇಕು ಎಂದು ಕೇಳುವ ಪರದೆಯಲ್ಲಿ. ಅಲ್ಲಿ ಎಂಟರ್ ಒತ್ತಿದರೆ ಫೋಲ್ಡರಿನ ಒಳಗೆ, ಅದರ ಒಳಗೆ, ಮತ್ತೂ ಒಳಗೆ ಹೋಗುತ್ತಲೇ ಇರುತ್ತದೆ. ಒಪ್ಪಿಗೆ ಕೊಡಲು ಒತ್ತಬೇಕಾದ್ದು 'ಸಿ'. ಪರದೆಯಲ್ಲೇ ಬರೆದಿರುತ್ತದೆ, ಆದರೆ ಗಾಬರಿಯಲ್ಲಿದ್ದವರಿಗೆ ಎಲ್ಲಿ ಕಾಣಬೇಕು? ಕೀಬೋರ್ಡ್ ಕಿರಿಕಿರಿ ಬೇಡ ಅನ್ನುವವರು ಕ್ಯೂಫೋಟೋರೆಕ್ ತೆರೆಯಬಹುದು. ಅದೇ ಜಿಪ್‌ನಲ್ಲಿದೆ, ಕಿಟಕಿ, ಬಟನ್ನು ಎಲ್ಲ ಇದೆ. ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಬೇಕು ಅನ್ನುವುದೊಂದು ನೆನಪಿರಲಿ.

ಇನ್ನೊಂದು ಮಾತು. ಹೊರತೆಗೆದ ಫೈಲುಗಳನ್ನು ಅದೇ ಡಿಸ್ಕಿಗೆ ಬರೆಯಬಾರದು. ಇನ್ನೂ ಸಿಗದೆ ಉಳಿದಿರುವ ಫೈಲುಗಳ ಮೇಲೆಯೇ ಬರೆದಂತಾಗುತ್ತದೆ. ಬೇರೆ ಡಿಸ್ಕ್ ಇಲ್ಲದಿದ್ದರೆ ಯಾರದ್ದಾದರೂ ತಂದುಕೊಂಡು ಶುರು ಮಾಡಿ.

'ಫೈಲ್ ಆಪ್ಟ್' ಎಂಬ ಮೆನುವನ್ನು ಬಿಡಬೇಡಿ. ಅಲ್ಲಿ 'ಎಸ್' ಒತ್ತಿ ಎಲ್ಲ ಬಗೆಗಳ ಟಿಕ್ ತೆಗೆದು, ನಿಮಗೆ ಬೇಕಾದ್ದಕ್ಕೆ ಮಾತ್ರ ಹಾಕಿ. ಹಾಗೆ ಮಾಡದೆ ಬಿಟ್ಟರೆ ವಿಂಡೋಸಿನ ಐಕಾನುಗಳು, ಬ್ರೌಸರ್ ಎಂದೋ ಇಳಿಸಿಕೊಂಡ ಚೂರು ಚಿತ್ರಗಳು, ಯಾವ್ಯಾವುದೋ ಟೆಕ್ಸ್ಟ್ ತುಣುಕುಗಳು ಎಲ್ಲ ರಾಶಿ ಬೀಳುತ್ತವೆ.

ನಾನು ಕಳೆದ ಒಂದು ಸ್ಟಾರ್ ಈ ರಾಶಿಗೇ. ಹೊರಗೆ ಬಂದ ಫೈಲುಗಳು ರೆಕಪ್‌_ಡಿರ್.1, ರೆಕಪ್‌_ಡಿರ್.2 ಎಂಬ ಫೋಲ್ಡರುಗಳಲ್ಲಿ ಐನೂರು ಐನೂರರಂತೆ ಕೂತಿರುತ್ತವೆ. 'ಗೃಹಪ್ರವೇಶ', 'ಅಜ್ಜಿ 80' ಎಂದು ನೀವು ಇಟ್ಟ ಹೆಸರು ಒಂದೂ ಇರುವುದಿಲ್ಲ. ಎಫ್ ಅಕ್ಷರದ ಮುಂದೆ ಉದ್ದನೆಯ ಅಂಕಿ, ಅಷ್ಟೇ. ಅದು ಡಿಸ್ಕಿನಲ್ಲಿ ಆ ಫೈಲು ಸಿಕ್ಕಿದ ಜಾಗದ ಲೆಕ್ಕ. ಟಿ ಅಕ್ಷರದಿಂದ ಶುರುವಾಗುವವು ಫೋಟೋ ಒಳಗೆ ಅಡಗಿರುವ ಸಣ್ಣ ನಕಲುಗಳು, ಸಾಮಾನ್ಯವಾಗಿ ಅಳಿಸಬಹುದು. ಆದರೆ ಒಂದು ನೋಡಿ: ದೊಡ್ಡ ಫೋಟೋ ಹಾಳಾಗಿದ್ದರೂ ಈ ಸಣ್ಣ ನಕಲು ಸರಿಯಾಗಿ ಉಳಿದಿರುವುದುಂಟು. ತೀರಿಕೊಂಡವರ ಒಂದೇ ಒಂದು ಚಿತ್ರ ಅಂಥದ್ದರಲ್ಲಿ ಸಿಕ್ಕಿದ್ದಿದೆ. ಹಾಗಾಗಿ ಅಳಿಸುವ ಮೊದಲು ಒಮ್ಮೆ ಕಣ್ಣಾಡಿಸಿ.

ವಿಂಗಡಿಸಲು ನಾನು ಮಾಡುವುದಿಷ್ಟು. ಗಾತ್ರದ ಪ್ರಕಾರ ಜೋಡಿಸಿ 50 ಕೆಬಿಗಿಂತ ಸಣ್ಣ ಚಿತ್ರಗಳನ್ನೆಲ್ಲ ಬೇರೆ ಮಾಡುವುದು. ಉಳಿದ ಫೋಟೋಗಳ ಒಳಗೆ ಕ್ಯಾಮೆರಾ ಬರೆದಿಟ್ಟ ದಿನಾಂಕ ಇರುತ್ತದೆ. ಎಕ್ಸಿಫ್‌ಟೂಲ್ ಬಳಸಿ ಅದರ ಪ್ರಕಾರ ವರ್ಷ, ತಿಂಗಳ ಫೋಲ್ಡರುಗಳಿಗೆ ಹಾಕುವುದು. ವಾಟ್ಸಾಪಿನಲ್ಲಿ ಬಂದ ಫೋಟೋಗಳಿಗೆ ಆ ದಿನಾಂಕ ಇರುವುದಿಲ್ಲ, ಅವಕ್ಕೆ ಕೈಕೆಲಸವೇ ಗತಿ.

ಈಗ, ಇದರ ಕೈಯಲ್ಲಿ ಆಗದ ಕೆಲಸಗಳು. ಒಂದು ಫೈಲು ಡಿಸ್ಕಿನಲ್ಲಿ ತುಂಡು ತುಂಡಾಗಿ ಅಲ್ಲಲ್ಲಿ ಹಂಚಿಹೋಗಿದ್ದರೆ ಫೋಟೋರೆಕ್ ಅದನ್ನು ಎಷ್ಟೋ ಸಲ ಪೂರ್ತಿ ಜೋಡಿಸಲಾರದು. ಫೋಟೋದ ಮೇಲಿನ ಅರ್ಧ ಸರಿಯಾಗಿ ಕಾಣುತ್ತದೆ, ಮದುಮಗನ ಪೇಟ, ಹಿಂದಿನ ಮಂಟಪ ಎಲ್ಲ ಇದೆ. ಅಲ್ಲಿಂದ ಕೆಳಗೆ ಬರೀ ಬೂದು ಬಣ್ಣ. ಅದು ಸಾಫ್ಟ್‌ವೇರಿನ ತಪ್ಪಲ್ಲ. ವಿಡಿಯೋಗಳಲ್ಲಿ ಈ ತೊಂದರೆ ಇನ್ನೂ ಜಾಸ್ತಿ, ಯಾಕೆಂದರೆ ಅವು ದೊಡ್ಡವು. ರೆಕಾರ್ಡ್ ಆಗುವಾಗಲೇ ಕ್ಯಾಮೆರಾ ಆಫ್ ಆಗಿ ಕೆಟ್ಟ ಎಂಪಿ4ಗೆ ಅನ್‌ಟ್ರಂಕ್ ಎಂಬ ಬೇರೆಯೇ ಸಾಧನ ಇದೆ. ಅದೇ ಕ್ಯಾಮೆರಾದಲ್ಲಿ ತೆಗೆದ ಒಂದು ಒಳ್ಳೆಯ ವಿಡಿಯೋವನ್ನು ಮಾದರಿಯಾಗಿ ಕೊಟ್ಟರೆ ಕೆಟ್ಟದ್ದನ್ನು ಸರಿಮಾಡಲು ನೋಡುತ್ತದೆ.

ತೆರೆಯದ ವರ್ಡ್ ಫೈಲನ್ನು ಮೊದಲು ಲಿಬ್ರೆಆಫೀಸಿನಲ್ಲಿ ತೆರೆದು ನೋಡಿ, ಎಷ್ಟೋ ಸಲ ತೆರೆದುಕೊಳ್ಳುತ್ತದೆ. ಇಲ್ಲವಾದರೆ 7-ಜಿಪ್‌ನಲ್ಲಿ ಬಿಚ್ಚಿ, ಒಳಗಿನ ಡಾಕ್ಯುಮೆಂಟ್.ಎಕ್ಸ್‌ಎಂಎಲ್ ಅನ್ನುವ ಫೈಲಿನಿಂದ ಬರಹವನ್ನಾದರೂ ಉಳಿಸಿಕೊಳ್ಳಬಹುದು.

ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ಚಿಪ್ ಡ್ರೈವ್) ಇದ್ದವರು ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಫೈಲು ಅಳಿಸಿದ ಕೂಡಲೇ ವಿಂಡೋಸ್ ಆ ಜಾಗ ಖಾಲಿ ಎಂದು ಡ್ರೈವಿಗೆ ತಿಳಿಸುತ್ತದೆ, ಇದಕ್ಕೆ ಟ್ರಿಮ್ ಅನ್ನುತ್ತಾರೆ. ಡ್ರೈವ್ ತನ್ನ ಪಾಡಿಗೆ ಅದನ್ನು ಒರೆಸಿ ಹಾಕುತ್ತದೆ. ಆಮೇಲೆ ಯಾವ ಸಾಧನ ತಂದರೂ ಅಷ್ಟೇ. ಬಿಟ್‌ಲಾಕರ್ ಬೀಗ ಇರುವ ಡಿಸ್ಕಾದರೆ ಮೊದಲು ಕೀ ಕೊಟ್ಟು ತೆರೆಯಬೇಕು, ಇಲ್ಲದಿದ್ದರೆ ಫೋಟೋರೆಕ್‌ಗೆ ಕಾಣುವುದು ಬರೀ ಕಸ.

ಇವೆಲ್ಲಕ್ಕಿಂತ ಮೊದಲು ಮಾಡಬೇಕಾದ ಒಂದು ಕೆಲಸ ಇದೆ. ಅದನ್ನು ಬಿಟ್ಟು ನೇರವಾಗಿ ವಿಂಡೋಸಿನ ಡಿಸ್ಕ್ ರಿಪೇರಿ ಸಾಧನ ಚೆಕ್‌ಡಿಸ್ಕ್ ಓಡಿಸಿ ಎಂದು ಸಲಹೆ ಕೊಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು ಡಿಸ್ಕಿನ ಆರೋಗ್ಯ ನೋಡಿ. ನೀಲಿ ಇದ್ದರೆ ಸರಿ. ಹಳದಿ ಇದ್ದರೆ 05, ಸಿ5, ಸಿ6 ಎಂಬ ಮೂರು ಸಾಲು ನೋಡಿ. ಸಿ5 ಅಂದರೆ ಓದಲು ಆಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರುಗಳು, ಅಂದರೆ ಡಿಸ್ಕಿನ ಸಣ್ಣ ಸಣ್ಣ ತುಣುಕುಗಳು. ಅಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದು, ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ ಎಂದೇ ಲೆಕ್ಕ. ಸಿ7 ಮಾತ್ರ ಏರುತ್ತಿದ್ದರೆ ತೊಂದರೆ ಹೆಚ್ಚಾಗಿ ಕೇಬಲ್ಲಿನದು, ಡಿಸ್ಕಿನದಲ್ಲ. ಸುಮ್ನೆ ಕೇಬಲ್ ಬದಲಿಸಿ ನೋಡಿ.

ಸಾಯುತ್ತಿರುವ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ಓಡಿಸಿದರೆ ಅದು ಫೈಲ್ ಸಿಸ್ಟಮ್ಮನ್ನು ಸರಿಮಾಡಲು ಹೋಗಿ ಅನಾಥವಾದ ತುಣುಕುಗಳನ್ನೆಲ್ಲ ಫೌಂಡ್.000 ಫೋಲ್ಡರಿಗೆ ತುಂಬುತ್ತದೆ. ಅದಕ್ಕೆ ಬೇಕಾದ್ದು ಫೈಲ್ ಸಿಸ್ಟಮ್ ಸರಿಯಾಗುವುದು, ನಿಮ್ಮ ಫೋಟೋ ಉಳಿಯುವುದಲ್ಲ. ಅಂಥ ಡಿಸ್ಕಿಗೆ ಲಿನಕ್ಸಿನ ಡಿಡಿರೆಸ್ಕ್ಯೂ ಒಳ್ಳೆಯದು. ಮೊದಲು ಸುಲಭವಾಗಿ ಓದಲು ಸಿಗುವ ಭಾಗವನ್ನೆಲ್ಲ ನಕಲು ಮಾಡಿಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ಬರುತ್ತದೆ. ಎಲ್ಲಿಯವರೆಗೆ ಆಯಿತು ಎಂದು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ಕರೆಂಟು ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಆ ನಕಲಿನ ಮೇಲೆ ಫೋಟೋರೆಕ್ ಓಡಿಸಿ.

ಡಿಸ್ಕ್ ಚೆನ್ನಾಗಿದ್ದೂ ಫೈಲು ಕೆಡುತ್ತಿದ್ದರೆ ರ‍್ಯಾಮ್ ಮೇಲೆ ಅನುಮಾನ ಪಡಿ. ಚಿಕ್ಕಮ್ಮನ ಮಗನ ಕಂಪ್ಯೂಟರಿನಲ್ಲಿ ದೊಡ್ಡ ಜಿಪ್ ಫೈಲು ಯಾವುದು ಕಾಪಿ ಮಾಡಿದರೂ ಬಿಚ್ಚುವಾಗ ಸಿಆರ್‌ಸಿ ಎರರ್, ಅಂದರೆ ಫೈಲಿನ ಒಳಗಿನದ್ದು ತಾಳೆಯಾಗುತ್ತಿಲ್ಲ ಎಂಬ ದೂರು. ಎರಡು ಡಿಸ್ಕ್ ಬದಲಿಸಿಯೂ ಆಗಿತ್ತು, ಪಾಪ. ಮೆಮ್‌ಟೆಸ್ಟ್86+ ಎಂಬ ಮೆಮೊರಿ ಪರೀಕ್ಷಿಸುವ ಸಾಧನವನ್ನು ಪೆನ್‌ಡ್ರೈವಿಗೆ ಹಾಕಿ ರಾತ್ರಿ ಓಡಲು ಬಿಟ್ಟೆವು. ಬೆಳಿಗ್ಗೆ ನೋಡಿದರೆ ಪರದೆ ತುಂಬ ಕೆಂಪು ಸಾಲುಗಳು. ಒಂದು ರ‍್ಯಾಮ್ ಪಟ್ಟಿ ತೆಗೆದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ. ಇಂಥ ಕಂಪ್ಯೂಟರಿನಲ್ಲಿ ಫೋಟೋರೆಕ್ ಓಡಿಸಿದರೆ ಹೊರತೆಗೆದ ಫೈಲೂ ಕೆಟ್ಟೇ ಬರುತ್ತದೆ.

ಕೆಡದೆಯೇ ಕೆಟ್ಟಂತೆ ಕಾಣುವ ಫೈಲುಗಳೂ ಇವೆ, ಕನ್ನಡದವರಿಗೆ ಇದು ವಿಶೇಷ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಒಂದು ದಿನ ಕರೆದು, 'ನನ್ನ ಹಳೇ ಲೇಖನಗಳಿಗೆಲ್ಲ ವೈರಸ್ ಹತ್ತಿದೆ ಕಣಪ್ಪಾ, ಸ್ವಲ್ಪ ನೋಡು' ಎಂದರು. ತೆರೆದರೆ ಪುಟದ ತುಂಬ ತಲೆಯ ಮೇಲೆ ಗೆರೆ ಎಳೆದ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ಚಿಹ್ನೆ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ್ದವರಿಗೆ ಆ ಪೌಂಡ್ ಚಿಹ್ನೆ ಕಂಡರೆ ಸಾಕು, ಅದು 'ನ' ಎಂದು ಗೊತ್ತಾಗುತ್ತದೆ. ಹೊಸ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಇರಲಿಲ್ಲ, ಅಷ್ಟೇ. ಫಾಂಟ್ ಹಾಕಿದೆ, ಆಮೇಲೆ ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿ ಕೊಟ್ಟೆ. ಕಾಫಿ ಸಿಕ್ಕಿತು.

ಬೇರೆ ಸಾಧನಗಳ ಜೊತೆ ಹೋಲಿಸುವುದಾದರೆ, ಚೆನ್ನಾಗಿರುವ ಡಿಸ್ಕಿನಿಂದ ಈಗಷ್ಟೇ ಅಳಿಸಿದ ಫೈಲು ಬೇಕಿದ್ದರೆ ರೆಕುವಾ ಸಾಕು, ಸಾಮಾನ್ಯವಾಗಿ ಹೆಸರೂ ಉಳಿಯುತ್ತದೆ. ಮೈಕ್ರೋಸಾಫ್ಟ್ 2020ರಲ್ಲಿ ಕೊಟ್ಟ ವಿಂಡೋಸ್ ಫೈಲ್ ರಿಕವರಿ ಕೂಡ ಉಚಿತ, ಆದರೆ ಆದೇಶಗಳನ್ನು ಟೈಪ್ ಮಾಡಬೇಕು. ಫೋಟೋಗಳನ್ನು ಪರದೆಯ ಮೇಲೆ ತೋರಿಸಿ, ಉಳಿಸಿಕೊಳ್ಳಲು ಹೋದಾಗ ದುಡ್ಡು ಕೇಳುವ ಸಾಫ್ಟ್‌ವೇರುಗಳೂ ಬೇಕಾದಷ್ಟಿವೆ. ಅವು ತೋರಿಸುವುದನ್ನು ಬಹುಪಾಲು ಫೋಟೋರೆಕ್ ಸುಮ್ಮನೆ ಕೊಡುತ್ತದೆ. ಹೆಸರು, ಫೋಲ್ಡರು ಸಮೇತ ಬೇಕೇ ಬೇಕು ಅನ್ನುವವರು ಮಾತ್ರ ಅವುಗಳಿಗೆ ದುಡ್ಡು ಕೊಡುವ ಯೋಚನೆ ಮಾಡಬಹುದು.

ಡಿಸ್ಕಿನೊಳಗಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ, ಇಲ್ಲಿ ಬರೆದ ಯಾವುದನ್ನೂ ಮಾಡಲು ಹೋಗಬೇಡಿ. ತಕ್ಷಣ ಆಫ್ ಮಾಡಿ. ಒಳಗಿನದ್ದು ನಿಜವಾಗಿ ಬೇಕಿದ್ದರೆ ಡಿಸ್ಕ್ ಬಿಚ್ಚಲು ಕ್ಲೀನ್ ರೂಮ್ (ದೂಳಿಲ್ಲದ ಕೋಣೆ) ಇರುವ ಲ್ಯಾಬಿಗೇ ಕೊಡಿ. ಕೊಡುವ ಮೊದಲು, ಡೇಟಾ ಸಿಗದಿದ್ದರೆ ಎಷ್ಟು ಚಾರ್ಜು ಎಂದು ಬರೆಸಿಕೊಳ್ಳಿ.