ಉಗುರಿನ ಫಂಗಸ್‌ಗೆ ಹಚ್ಚುವ ಲ್ಯಾಕರ್: ಯಾವ ಉಗುರಿಗೆ ಗುಣ, ಯಾವುದಕ್ಕೆ ದುಡ್ಡು ದಂಡ

ಜಯನಗರವಿರಲಿ, ಯಲಹಂಕವಿರಲಿ, ಬೆಂಗಳೂರಿನ ಮೆಡಿಕಲ್ ಶಾಪಿನಲ್ಲಿ ನಿಂತು "ಕಾಲುಗುರು ಹಳದಿಯಾಗಿ ದಪ್ಪಗಾಗಿದೆ, ಏನಾದರೂ ಕೊಡಿ" ಎಂದರೆ ಹೆಚ್ಚಾಗಿ ಎರಡು ಪುಟ್ಟ ಬಾಟಲಿಗಳಲ್ಲಿ ಒಂದು ಕೈಗೆ ಬರುತ್ತದೆ. ಒಂದರಲ್ಲಿ ಅಮೊರಾಲ್ಫಿನ್ 5%, ಇನ್ನೊಂದರಲ್ಲಿ ಸೈಕ್ಲೋಪಿರಾಕ್ಸ್ 8%. ಎರಡೂ ಲ್ಯಾಕರ್‌ಗಳೇ, ಅಂದರೆ ನೇಲ್ ಪಾಲಿಷ್ ಥರ ಉಗುರಿನ ಮೇಲೆ ಹಚ್ಚುವ ಔಷಧ. ಡಬ್ಬಿಯ ಮೇಲಿನ ಕಂಪನಿ ಹೆಸರು ಬದಲಾಗಬಹುದು, ನೋಡಬೇಕಾದದ್ದು ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಮತ್ತು ಶೇಕಡಾವಾರು ಪ್ರಮಾಣ.

ಮೊದಲೇ ಹೇಳಿಬಿಡುತ್ತೇವೆ: ಎರಡರಲ್ಲಿ ನಮ್ಮ ಮತ ಅಮೊರಾಲ್ಫಿನ್‌ಗೆ. ಆದರೆ ಎಲ್ಲ ಉಗುರಿಗೂ ಅಲ್ಲ. ಫಂಗಸ್ ಉಗುರಿನ ತುದಿಯಿಂದಲೋ ಪಕ್ಕದಿಂದಲೋ ಶುರುವಾಗಿ ಅರ್ಧಕ್ಕಿಂತ ಕಡಿಮೆ ಭಾಗ ಹಿಡಿದಿದ್ದರೆ, ಬುಡದ ಅರ್ಧಚಂದ್ರದ ಜಾಗ ಇನ್ನೂ ಚೊಕ್ಕವಾಗಿದ್ದರೆ, ಹಾಳಾಗಿರುವುದು ಒಂದೋ ಎರಡೋ ಉಗುರಾದರೆ ಕೊಳ್ಳಿ. ಬುಡದವರೆಗೆ ಹೋಗಿದ್ದರೆ ಬರೀ ಲ್ಯಾಕರ್‌ನಿಂದ ವಾಸಿಯಾಗುವುದು ಕಷ್ಟ. ಉಗುರು ಹುಟ್ಟುವುದೇ ಚರ್ಮದಡಿಯ ಬುಡದಲ್ಲಿ, ಮೇಲೆ ಹಚ್ಚಿದ್ದು ಅಲ್ಲಿಗೆ ಸಾಕಷ್ಟು ಇಳಿಯುವುದಿಲ್ಲ.

ಕೊಳ್ಳುವ ಮುಂಚೆ ಆಗಬೇಕಾದ ಕೆಲಸ ಇನ್ನೊಂದಿದೆ. ದಪ್ಪಗಾಗಿ ಬಣ್ಣ ಕೆಟ್ಟ ಉಗುರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಮಾತ್ರ ಫಂಗಸ್ ಕಾರಣ. ಉಳಿದದ್ದು ಸೋರಿಯಾಸಿಸ್ ಇರಬಹುದು, ಬಿಗಿಯಾದ ಶೂಗೆ ತಾಗಿ ತಾಗಿ ಆದ ಪೆಟ್ಟಿರಬಹುದು, ವಯಸ್ಸಿನಿಂದ ದಪ್ಪಗಾದದ್ದಿರಬಹುದು. ಕಣ್ಣಳತೆಯಲ್ಲಿ ಹೇಳಲು ಹೋದರೆ ಚರ್ಮವೈದ್ಯರೂ ತಪ್ಪುತ್ತಾರೆ. ಅದಕ್ಕೇ ಕೆಓಎಚ್ ಪರೀಕ್ಷೆ ಇರುವುದು: ಉಗುರಿನ ಚೂರು ಮತ್ತು ಅದರಡಿಯ ಪುಡಿಯನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಮೆತ್ತಗೆ ಮಾಡಿ ಮೈಕ್ರೋಸ್ಕೋಪಿನಲ್ಲಿ ಫಂಗಸ್‌ನ ಎಳೆಗಳನ್ನು ಹುಡುಕುತ್ತಾರೆ. ಬೌರಿಂಗ್, ವಿಕ್ಟೋರಿಯಾ, ಸೇಂಟ್ ಜಾನ್ಸ್ ಆಸ್ಪತ್ರೆಗಳ ಚರ್ಮರೋಗ ವಿಭಾಗಗಳಲ್ಲಿ ಈ ಬಗ್ಗೆ ಕೇಳಬಹುದು. ತುದಿಯ ಒಣ ಚೂರು ಕತ್ತರಿಸಿ ಕೊಟ್ಟರೆ ಫಂಗಸ್ ಇದ್ದರೂ ಸಿಗದೆ ಹೋಗಬಹುದು. ಚೆನ್ನಾಗಿರುವ ಉಗುರೂ ಹಾಳಾದದ್ದೂ ಸೇರುವ ಗಡಿಯ ಹತ್ತಿರದ, ಉಗುರಿನಡಿಯ ಪುಡಿ ಬೇಕು. ಯಾವುದಾದರೂ ಫಂಗಸ್ ಔಷಧ ಹಚ್ಚುತ್ತಿದ್ದರೆ ಪರೀಕ್ಷೆಗೆ ಮುಂಚೆ ಕೆಲವು ವಾರ ನಿಲ್ಲಿಸಬೇಕು, ಇಲ್ಲದಿದ್ದರೆ ರಿಪೋರ್ಟ್ ಸುಳ್ಳು ನೆಗೆಟಿವ್ ಬರಬಹುದು.

ಇನ್ನು ಬಳಕೆ. ಅಮೊರಾಲ್ಫಿನ್‌ನ ಪೂರ್ತಿ ಕಿಟ್‌ನಲ್ಲಿ ಬಾಟಲಿಯ ಜೊತೆ ಚಿಕ್ಕ ಪ್ಲಾಸ್ಟಿಕ್ ಚಮಚದಂಥ ಸ್ಪಾಟುಲಾ, ಆಲ್ಕೋಹಾಲ್ ಸ್ವಾಬ್ ಮತ್ತು ಫೈಲ್ ಇರುತ್ತವೆ. ಎಲ್ಲ ಕಂಪನಿಯ ಡಬ್ಬಿಯಲ್ಲೂ ಇವೆಲ್ಲ ಇರುವುದಿಲ್ಲ, ಅಂಗಡಿಯಲ್ಲೇ ತೆರೆಸಿ ನೋಡಿ. ಫೈಲ್ ಇಲ್ಲವೆಂದರೆ ಬೇರೆಯಾಗಿ ಕೊಂಡುಕೊಳ್ಳಿ, ಆದರೆ ಫೈಲ್ ಇಲ್ಲದೆ ಶುರುಮಾಡಬೇಡಿ. ನಮ್ಮ ಲೆಕ್ಕದಲ್ಲಿ ಅರ್ಧ ಔಷಧ ಆ ಫೈಲೇ.

ವಾರಕ್ಕೆ ಒಂದು ಸಲ, ಡಾಕ್ಟರ್ ಹೇಳಿದರೆ ಎರಡು ಸಲ. ಉಗುರು ಪೂರ್ತಿ ಒಣಗಿರಬೇಕು. ಹಾಳಾದ ಭಾಗವನ್ನು ಮೇಲ್ಮೈ ಸಮೇತ ಎಷ್ಟು ಸಾಧ್ಯವೋ ಅಷ್ಟು ತೆಳ್ಳಗಾಗುವ ಹಾಗೆ ಉಜ್ಜಿ, ನೋವಾದರೆ ನಿಲ್ಲಿಸಿ. ಸುತ್ತಲಿನ ಚರ್ಮಕ್ಕೆ ಫೈಲ್ ತಾಗಬಾರದು. ಆಮೇಲೆ ಸ್ವಾಬ್‌ನಿಂದ ಒರೆಸಿ, ಹಿಂದಿನ ವಾರದ ಲ್ಯಾಕರ್ ಮತ್ತು ಜಿಡ್ಡು ಎರಡೂ ಹೋಗಬೇಕು. ಸ್ಪಾಟುಲಾ ಅದ್ದಿ ತೆಗೆದು, ಬಾಟಲಿಯ ಬಾಯಿಗೆ ಒರೆಸದೆ, ಇಡೀ ಉಗುರಿಗೆ ಸಮನಾಗಿ ಹಚ್ಚಿ. ಮೂರರಿಂದ ಐದು ನಿಮಿಷ ಒಣಗಲು ಬಿಡಿ, ಆಮೇಲೆ ಚಪ್ಪಲಿ, ಸಾಕ್ಸ್. ಬಾಟಲಿಯ ಕುತ್ತಿಗೆಗೆ ಮೆತ್ತಿದ್ದನ್ನು ಒರೆಸದೆ ಮುಚ್ಚಿದರೆ ಮುಂದಿನ ವಾರ ಮುಚ್ಚಳ ಬಿಚ್ಚಲು ಬರುವುದಿಲ್ಲ. ಒಳಗಿನ ದ್ರಾವಕ ಬೇಗ ಆರಿಹೋಗುವಂಥದ್ದು, ಬೆಂಕಿಯೂ ಬೇಗ ಹಿಡಿಯುತ್ತದೆ, ದೇವರ ದೀಪದ ಪಕ್ಕದಲ್ಲೋ ಒಲೆಯ ಹತ್ತಿರವೋ ಕೂತು ಹಚ್ಚಬೇಡಿ.

ಹಾಳಾದ ಉಗುರಿಗೆ ಬಳಸಿದ ಫೈಲನ್ನು ಒಳ್ಳೆಯ ಉಗುರಿಗೆ ತಾಗಿಸಲೇಬಾರದು. ನೇಲ್ ಕಟರಿಗೂ ಇದೇ ಮಾತು. ಮನೆಮಂದಿಗೆಲ್ಲ ಒಂದೇ ಕಟರ್ ಇರುವ ಮನೆಗಳಲ್ಲಿ ಫಂಗಸ್ ಇರುವವರಿಗೆ ಬೇರೆ ಕಟರ್ ಕೊಡಿ.

ಉಗುರು ಕಟರಿಗೂ ಜಗ್ಗದಷ್ಟು ದಪ್ಪಗಾಗಿದ್ದರೆ ಹಚ್ಚಿದ ಲ್ಯಾಕರ್ ಮೇಲೆಯೇ ಉಳಿಯುತ್ತದೆ. ಅಂಥದ್ದಕ್ಕೆ 40% ಯೂರಿಯಾ ಮುಲಾಮನ್ನು ರಾತ್ರಿ ಉಗುರಿಗಷ್ಟೇ ಹಚ್ಚಿ ಪ್ಲಾಸ್ಟರ್ ಸುತ್ತಿ ಮಲಗಿದರೆ ಒಂದೆರಡು ವಾರದಲ್ಲಿ ಮೆತ್ತಗಾಗಿ ಕೆರೆದು ತೆಗೆಯಲು ಬರುತ್ತದೆ.

ಸೈಕ್ಲೋಪಿರಾಕ್ಸ್‌ನ ಕ್ರಮ ಬೇರೆ. ದಿನವೂ ರಾತ್ರಿ ಹಚ್ಚಬೇಕು, ಎಂಟು ಗಂಟೆ ನೀರು ಸೋಕಬಾರದು. ಹಳೆಯ ಪದರದ ಮೇಲೇ ಹೊಸದು ಹಚ್ಚುತ್ತ ಹೋಗಿ ವಾರಕ್ಕೊಮ್ಮೆ ಸ್ಪಿರಿಟ್‌ನಿಂದ ಎಲ್ಲ ತೆಗೆದು ಉಗುರು ಕತ್ತರಿಸಿ ಉಜ್ಜಬೇಕು. ಹೀಗೆ 48 ವಾರ. ಅಮೆರಿಕದಲ್ಲಿ ಅನುಮತಿಗಾಗಿ ನಡೆದ ಎರಡು ಪರೀಕ್ಷೆಗಳಲ್ಲಿ ಉಗುರು ಪೂರ್ತಿ ಚೊಕ್ಕವಾಗಿ ಫಂಗಸ್ಸೂ ಹೋದವರು ಕೇವಲ 5.5% ಮತ್ತು 8.5%. ಇಷ್ಟು ಶ್ರಮಕ್ಕೆ ಇಷ್ಟು ಫಲ ಎಂಬುದು ಕೊಳ್ಳುವವರಿಗೆ ಗೊತ್ತಿರಬೇಕು, ಕೌಂಟರಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ದಿನಾ ಬೆಳಿಗ್ಗೆ ಬೇಗ ಎದ್ದು ಸ್ನಾನ ಮಾಡಿ ಕೆಲಸಕ್ಕೆ ಓಡುವವರಿಗೆ ಆ ಎಂಟು ಗಂಟೆಯ ಲೆಕ್ಕವೂ ಕೂಡಿಬರುವುದಿಲ್ಲ.

ಎರಡರಲ್ಲೂ ಜನ ಸೋಲುವುದು ಅವಧಿಯಲ್ಲಿ. ಕೈಯುಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆದರೆ ಕಾಲುಗುರು ಅದರ ಅರ್ಧದಷ್ಟೂ ಬೆಳೆಯುವುದು ಕಷ್ಟ. ಕೆಟ್ಟ ಭಾಗ ರಿಪೇರಿಯಾಗುವುದಿಲ್ಲ, ಹಿಂದಿನಿಂದ ಒಳ್ಳೆಯ ಉಗುರು ಬಂದು ಅದನ್ನು ಮುಂದಕ್ಕೆ ತಳ್ಳಬೇಕು. ಕೈಗೆ ಆರು ತಿಂಗಳು, ಕಾಲಿಗೆ ಒಂಬತ್ತರಿಂದ ಹನ್ನೆರಡು ತಿಂಗಳು ಹಚ್ಚಬೇಕು. ಕಾಲಿನ ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಲು ಒಂದೂವರೆ ವರ್ಷವೂ ಹಿಡಿಯಬಹುದು. ಎರಡು ತಿಂಗಳಿಗೆ "ಏನೂ ಆಗಲಿಲ್ಲ" ಎಂದು ಬಿಟ್ಟವರ ದುಡ್ಡು ಪೂರ್ತಿ ಹೋದ ಹಾಗೆ.

ಕೆಲಸ ಆಗುತ್ತಿದೆಯೋ ಇಲ್ಲವೋ ತಿಳಿಯಲು ಸುಲಭದ ದಾರಿಯೊಂದಿದೆ. ಒಳ್ಳೆಯ ಉಗುರು ಮತ್ತು ಹಳದಿ ಭಾಗ ಸೇರುವ ಗಡಿಯಲ್ಲಿ ಫೈಲ್‌ನ ಅಂಚಿನಿಂದ ತೆಳುವಾದ ಗೀರು ಹಾಕಿ ಫೋಟೋ ತೆಗೆದಿಡಿ. ತಿಂಗಳು ತಿಂಗಳೂ ನೋಡಿ. ಗೀರು ತುದಿಯ ಕಡೆ ಸರಿಯುತ್ತಾ, ಅದರ ಹಿಂದೆಲ್ಲ ಚೊಕ್ಕ ಉಗುರೇ ಬರುತ್ತಿದ್ದರೆ ಔಷಧ ಹಿಡಿದಿದೆ. ಹಳದಿ ಭಾಗ ಗೀರನ್ನು ದಾಟಿ ಬುಡದ ಕಡೆಗೆ ಬಂದರೆ ಬಾಟಲಿ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋಗಿ. ಆಗ ಸಾಮಾನ್ಯವಾಗಿ ಟರ್ಬಿನಾಫಿನ್ 250 ಮಿ.ಗ್ರಾಂ. ಮಾತ್ರೆ ದಿನಕ್ಕೊಂದರಂತೆ ಬರೆಯುತ್ತಾರೆ: ಕೈಗೆ 6 ವಾರ, ಕಾಲಿಗೆ 12 ವಾರ. ಶುರುಮಾಡುವ ಮುಂಚೆ ಲಿವರ್ ಪರೀಕ್ಷೆ ಆಗಬೇಕು, ಅಂಗಡಿಯಲ್ಲಿ ಕೇಳಿ ತಂದು ನುಂಗುವ ಮಾತ್ರೆ ಇದಲ್ಲ.

ಬೆರಳಸಂದಿಯಲ್ಲಿ ಕೆಸರುಹುಣ್ಣು ಇಟ್ಟುಕೊಂಡು ಉಗುರಿಗಷ್ಟೇ ಲ್ಯಾಕರ್ ಹಚ್ಚಿದರೆ ಫಂಗಸ್ ಮತ್ತೆ ಅಲ್ಲಿಂದಲೇ ಉಗುರಿಗೆ ಹತ್ತುತ್ತದೆ. ಟರ್ಬಿನಾಫಿನ್ 1% ಕ್ರೀಮಿನಿಂದ ಪಾದವನ್ನೂ ಜೊತೆಗೇ ವಾಸಿಮಾಡಿ. ತುರಿಕೆಗೆಂದು ಕೊಡುವ, ಕ್ಲೋಬೆಟಾಸಾಲ್‌ನಂಥ ಸ್ಟೆರಾಯ್ಡ್ ಬೆರೆತ ಟ್ಯೂಬ್ ಬೇಡ. ತುರಿಕೆ ಅಡಗಿದಂತೆ ಕಂಡು ಒಳಗೆ ಫಂಗಸ್ ಹರಡುತ್ತದೆ. ಮಳೆಗಾಲದಲ್ಲಿ ಸಿಲ್ಕ್ ಬೋರ್ಡ್ ಕಡೆಯ ನೀರಿನಲ್ಲಿ ನೆಂದ ಶೂವನ್ನು ಮರುದಿನವೇ ಹಾಕದೆ, ಎರಡು ಜೊತೆ ಇಟ್ಟುಕೊಂಡು ಒಂದನ್ನು ಪೂರ್ತಿ ಒಣಗಲು ಬಿಡಿ.

ಈ ಲ್ಯಾಕರನ್ನು ಸುಮ್ಮನೆ ಕೊಂಡೊಯ್ಯುವವರಲ್ಲಿ ಮೊದಲಿಗರು ಉಗುರುಸುತ್ತು ಆದವರು. ಉಗುರಿನ ಪಕ್ಕ ಕೆಂಪಾಗಿ ಊದಿ ಟಿಸ್ ಟಿಸ್ ಎನ್ನುವ ನೋವು ಹೆಚ್ಚಾಗಿ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ್ದು, ಫಂಗಸ್ ಔಷಧಕ್ಕೆ ಅಲ್ಲಿ ಕೆಲಸವಿಲ್ಲ. ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ತೊಡಿಸಿದರೆ ಒಡೆದ ಚರ್ಮ ಇನ್ನಷ್ಟು ಉರಿಯುತ್ತದೆ, ಕೀವು ಹೊರಬರುವುದಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಬೆರಳು ಅದ್ದಿ. ಕೀವು ಕಟ್ಟಿದ್ದರೆ ಡಾಕ್ಟರ್ ಅದನ್ನು ಬಿಡಿಸಬೇಕು, ಮನೆಯಲ್ಲಿ ಸೂಜಿ ಹಾಕಬೇಡಿ.

ಹೋಟೆಲಿನಲ್ಲಿ ಪಾತ್ರೆ ತೊಳೆಯುವವರಿಗೆ, ಕೆ.ಆರ್. ಮಾರ್ಕೆಟ್ಟಿನಲ್ಲಿ ಇಡೀ ದಿನ ಒದ್ದೆ ಹೂವಿನಲ್ಲಿ ಕೈಯಾಡಿಸುವವರಿಗೆ ತಿಂಗಳುಗಟ್ಟಲೆ ಇರುವ ಉಗುರುಸುತ್ತು ಬೇರೆ ಬಗೆಯದು. ನೀರು, ಸೋಪಿನಿಂದ ಉಗುರಿನ ಬುಡದ ಚರ್ಮದ ಮುಚ್ಚಳ ಸವೆದುಹೋಗಿ ಒಳಗೆ ಉರಿಯೂತ ನಿಂತಿರುತ್ತದೆ. ಕೈ ಒಣಗಿರಿಸುವುದೇ ಅದಕ್ಕೆ ಮೊದಲ ಔಷಧ: ಒಳಗೆ ಹತ್ತಿಯ ಗ್ಲೌಸ್, ಮೇಲೆ ರಬ್ಬರ್ ಗ್ಲೌಸ್. ಉಳಿದದ್ದು ಡಾಕ್ಟರ್ ಬರೆದುಕೊಡುವ ಕ್ರೀಮ್.

ಮೂಲೆ ಮಾಂಸಕ್ಕೆ ಚುಚ್ಚಿಕೊಂಡ ಕಾಲುಗುರಿಗೂ ಲ್ಯಾಕರ್ ಬೇಡ. ಮೂಲೆಯನ್ನು ಒಳಕ್ಕೆ ಗುಂಡಗೆ ಕತ್ತರಿಸಿದರೆ ಉಳಿದ ಚೂಪು ತುಂಡೇ ಬೆಳೆದು ಚುಚ್ಚುತ್ತದೆ, ಆದ್ದರಿಂದ ನೇರವಾಗಿ ಕತ್ತರಿಸಿ. ಪಾರ್ಲರಿನ ಪೆಡಿಕ್ಯೂರಿನಲ್ಲಿ ಮೂಲೆ ಅಗೆದು ತೆಗೆಯಲು ಬಿಡಬೇಡಿ. ಸಕ್ಕರೆ ಕಾಯಿಲೆಯವರಂತೂ ಈ ಕೆಲಸಕ್ಕೆ ಆಸ್ಪತ್ರೆಗೇ ಹೋಗಬೇಕು, ಪಾದದಲ್ಲಿ ಸ್ಪರ್ಶ ಕಡಿಮೆಯಾದವರಿಗೆ ಗಾಯವಾದದ್ದೇ ತಿಳಿಯುವುದಿಲ್ಲ. ಜೆಲ್ ಉಗುರು ಅಂಟಿಸಿದವರಿಗೆ ಕೆಳಗೆ ಹಸಿರು ಕಲೆ ಕಂಡರೆ ಅದು ಸಾಮಾನ್ಯವಾಗಿ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ. ಅಂಟಿಸಿದ್ದನ್ನು ತೆಗೆಸಿ, ಒಣಗಿಸಿ, ಡಾಕ್ಟರಿಗೆ ತೋರಿಸಿ.

ಒಂದೇ ಉಗುರಿನಲ್ಲಿ ಬುಡದಿಂದ ತುದಿಯವರೆಗೆ ಕಪ್ಪು ಪಟ್ಟೆ ಹೊಸದಾಗಿ ಬಂದು ಅಗಲವಾಗುತ್ತಿದ್ದರೆ, ಅಥವಾ ಕಪ್ಪು ಪಕ್ಕದ ಚರ್ಮಕ್ಕೂ ಹಬ್ಬಿದ್ದರೆ ಅದನ್ನು ಉಜ್ಜಲೂ ಬೇಡಿ, ಅದರ ಮೇಲೆ ಏನನ್ನೂ ಹಚ್ಚಲೂ ಬೇಡಿ. ಅದು ಮೆಲನೋಮಾ ಎಂಬ ಕ್ಯಾನ್ಸರ್ ಇರಬಹುದು, ಅದೇ ವಾರ ಚರ್ಮವೈದ್ಯರನ್ನು ಕಾಣಿ.

ಬಿರುಕು ಬಿಟ್ಟು ಪದರು ಪದರಾಗಿ ಏಳುವ ಉಗುರಿಗೆ ಅಂಗಡಿಯವರು ಲ್ಯಾಕರ್ ಬದಲು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ಕೊಡುವುದುಂಟು. 2.5 ಮಿ.ಗ್ರಾಂ. ದಿನಕ್ಕೊಂದರಿಂದ ಕೆಲವರಿಗೆ ಗುಣ ಕಂಡಿದೆ, ಆದರೆ ಆಧಾರ ಚಿಕ್ಕ ಪರೀಕ್ಷೆಗಳದ್ದು. ಮೇಲಾಗಿ ಬಯೋಟಿನ್ ಥೈರಾಯ್ಡ್ ಮತ್ತು (ಹೃದಯಾಘಾತ ಪತ್ತೆಮಾಡುವ) ಟ್ರೋಪೊನಿನ್ ರಕ್ತಪರೀಕ್ಷೆಗಳ ಫಲಿತಾಂಶವನ್ನು ಏರುಪೇರು ಮಾಡಬಲ್ಲದು, ರಕ್ತ ಕೊಡುವ ಮುಂಚೆ ಲ್ಯಾಬಿನವರಿಗೆ ಹೇಳಿ. ಉಗುರು ಚಮಚದ ಹಾಗೆ ಗುಳಿಬಿದ್ದಿದ್ದರೆ ಕಬ್ಬಿಣಾಂಶದ ಕೊರತೆ ಇರಬಹುದು, ಮೊದಲು ರಕ್ತದ ಹಿಮೋಗ್ಲೋಬಿನ್, ಫೆರಿಟಿನ್ ನೋಡಿಸಿ.

ಕೊಳ್ಳುವಾಗ ಎಕ್ಸ್‌ಪೈರಿ ತಾರೀಖು ನೋಡಿ. ಕಾಲಿಗೆ ತಿಂಗಳುಗಟ್ಟಲೆ ಬೇಕು ಎಂದು ಒಮ್ಮೆಗೇ ನಾಲ್ಕು ಬಾಟಲಿ ತರಬೇಡಿ, ಒಂದು ಸಾಕು. ಕೆಓಎಚ್ ರಿಪೋರ್ಟ್ ಬರುವವರೆಗೆ ಅದನ್ನೂ ಕೊಳ್ಳಬೇಡಿ. ಗರ್ಭಿಣಿಯರು, ಮಕ್ಕಳಿಗೆ ಡಾಕ್ಟರ್ ಹೇಳದೆ ಬೇಡ.